ಬಾಟಲಿ ನೋಡಿ ಓಟು ಹೇಳಬಹುದಾ?

ಪ್ರಶ್ನೆ: ಸರ್, ನಾನು ಚಿಕ್ಕಮಗಳೂರಿನ ಒಂದು ಬಾರ್‌ನಲ್ಲಿ ಆರು ವರ್ಷದಿಂದ ಕ್ಯಾಷಿಯರ್. ಅಮೆರಿಕದಲ್ಲಿ ಯಾರು ಯಾವ ಬಿಯರ್ ಕುಡಿಯುತ್ತಾರೆ ಅಂತ ನೋಡಿದರೆ ಅವರು ಯಾವ ಪಕ್ಷ ಅಂತ ಗೊತ್ತಾಗುತ್ತದಂತೆ. ನಮ್ಮಲ್ಲೂ ಸ್ಟ್ರಾಂಗ್ ಕೇಳೋರು ಒಂದು ಪಕ್ಷ, ಲೈಟ್ ಕೇಳೋರು ಇನ್ನೊಂದು ಪಕ್ಷ ಅಂತ ನನಗೆ ಅನಿಸಿದೆ. ಗೆಳೆಯರು ಒಪ್ಪುತ್ತಿಲ್ಲ. ಈಗ ಪಕ್ಷವೊಂದರ ಹುಡುಗ ಬಂದು, ನಿಮ್ಮ ಖಾಯಂ ಗಿರಾಕಿಗಳು ಏನೇನು ಕುಡಿಯುತ್ತಾರೆ ಅಂತ ಪಟ್ಟಿ ಮಾಡಿಕೊಡಿ ಅಂತ ಕೇಳುತ್ತಿದ್ದಾನೆ. ಇದರಲ್ಲಿ ನಿಜ ಎಷ್ಟು?

ಉತ್ತರ: ಅಮೆರಿಕದಲ್ಲಿ ಸ್ವಲ್ಪ ಮಟ್ಟಿಗೆ ಹೌದು. ಚಿಕ್ಕಮಗಳೂರಿನಲ್ಲಿ ಇಲ್ಲ. ಬಾಟಲಿ ನೋಡಿ ನೀವು ಗಿರಾಕಿಯ ಜೇಬು ಎಂಥದ್ದು, ವಯಸ್ಸೆಷ್ಟು, ಅವತ್ತು ಯಾರ ಜೊತೆ ಬಂದಿದ್ದಾನೆ ಅಂತ ಒಂದಷ್ಟು ಊಹಿಸಬಹುದು. ಅವನ ಓಟನ್ನು ಊಹಿಸಲು ಆಗುವುದಿಲ್ಲ. ಆದರೆ ನಿಮ್ಮ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಾ, ಚುನಾವಣೆ ಬಂದಾಗಲೆಲ್ಲ ಸಮೀಕ್ಷೆಗೆ ಅಂತ ಚಿಕ್ಕಮಗಳೂರು, ಹಾಸನ ಈ ಎರಡು ಜಿಲ್ಲೆಗಳ ಹಳ್ಳಿಗಳನ್ನು ಸುತ್ತಿದವನು. ಜನರ ಅಭ್ಯಾಸಕ್ಕೂ ಓಟಿಗೂ ಎಲ್ಲಿ ಗಂಟು ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಅನ್ನುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಅಮೆರಿಕದ ಮಾತು. ನಿಮ್ಮ ಕಿವಿಗೆ ಬಿದ್ದ ಸುದ್ದಿಗೆ ಬುಡ ಇದೆ. 2012ರ ಚುನಾವಣೆ ಹೊತ್ತಿನಲ್ಲಿ ಅಲ್ಲಿನ ರಾಜಕೀಯ ಜಾಹೀರಾತು ಸಂಶೋಧಕರು ಗ್ರಾಹಕರ ದೊಡ್ಡ ಸಮೀಕ್ಷೆಯೊಂದರಿಂದ ಒಂದು ನಕ್ಷೆ ಮಾಡಿದ್ದರು. ಯಾವ ಬಿಯರ್ ಕುಡಿಯುವವರು ಯಾವ ಪಕ್ಷದ ಕಡೆ ವಾಲುತ್ತಾರೆ, ಅವರು ಎಷ್ಟು ತಪ್ಪದೆ ಓಟು ಹಾಕುತ್ತಾರೆ ಅಂತ ಅದರಲ್ಲಿತ್ತು. ಹೈನೆಕೆನ್ ಡೆಮಾಕ್ರಟಿಕ್ ಕಡೆಗೆ ಬಿತ್ತು. ಕೂರ್ಸ್ ರಿಪಬ್ಲಿಕನ್ ಕಡೆಗೆ ಬಿತ್ತು. ಬಾಸ್ಟನ್ನಿನ ಸ್ಯಾಮ್ಯುಯೆಲ್ ಆಡಮ್ಸ್ ಕೂಡ ರಿಪಬ್ಲಿಕನ್ ಕಡೆಗೇ ಬಿತ್ತು. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ಡೆಮಾಕ್ರಟಿಕ್ ಪಕ್ಷದ ಗಟ್ಟಿ ನೆಲ. ಬಿಯರ್ ಹುಟ್ಟಿದ ಊರಿಗೂ ಅದನ್ನು ಕುಡಿಯುವವರ ಓಟಿಗೂ ತಾಳೆ ಇಲ್ಲ ಅನ್ನುವುದು ಅಲ್ಲೇ ಕಾಣುತ್ತದೆ. ಇನ್ನೊಂದು ವಿಷಯ. ಟಿವಿ ಜಾಹೀರಾತಿಗೆ ಯಾವ ಕಾರ್ಯಕ್ರಮದ ನಡುವೆ ದುಡ್ಡು ಹಾಕಬೇಕು ಅಂತ ಲೆಕ್ಕ ಹಾಕುವವರಿಗೆ ಇಂಥ ನಕ್ಷೆ ಬೇಕು. ಲಕ್ಷ ಜನರ ಗುಂಪಿಗೆ ಸಣ್ಣ ವಾಲು ಇದ್ದರೂ ಅವರಿಗೆ ಲಾಭವೇ. ನಿಮ್ಮ ಮೂರನೇ ಟೇಬಲ್ಲಿನಲ್ಲಿ ಕೂತ ಒಬ್ಬ ಮನುಷ್ಯನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಒಂದು ಲೆಕ್ಕ ಕೊಡುತ್ತೇನೆ. ಇದು ಬರೀ ಉದಾಹರಣೆ. ಸ್ಟ್ರಾಂಗ್ ಕುಡಿಯುವ ನೂರು ಜನರಲ್ಲಿ 55 ಜನ ಒಂದು ಪಕ್ಷ, 45 ಜನ ಇನ್ನೊಂದು ಪಕ್ಷ ಅಂದುಕೊಳ್ಳಿ. ನಕ್ಷೆಯಲ್ಲಿ ಇದು ದೊಡ್ಡ ವಾಲು. ಈಗ ನೀವು ಸ್ಟ್ರಾಂಗ್ ಕೇಳಿದವರೆಲ್ಲ ಆ ಪಕ್ಷ ಅಂತ ಬರೆದುಕೊಂಡರೆ 45 ಸಲ ತಪ್ಪುತ್ತೀರಿ. ಒಂದು ರೂಪಾಯಿ ನಾಣ್ಯ ಮೇಲೆ ಹಾರಿಸಿ ಹೇಳಿದ್ದರೆ 50 ಸಲ ತಪ್ಪುತ್ತಿದ್ದಿರಿ. ಆರು ವರ್ಷದ ಅನುಭವಕ್ಕೂ ನಾಣ್ಯಕ್ಕೂ ಇರುವ ವ್ಯತ್ಯಾಸ ಐದು, ಅಷ್ಟೇ.

ಅಮೆರಿಕದಲ್ಲಿ ಆ ವಾಲು ಯಾಕೆ ಬಂತು ಅಂತ ಕೇಳಿದರೆ, ಅರ್ಧ ಕಥೆ ಕಂಪನಿಗಳದ್ದೇ. ಕೂರ್ಸ್ ಮನೆತನದ ಜೋಸೆಫ್ ಕೂರ್ಸ್ 1973ರಲ್ಲಿ ಹೆರಿಟೇಜ್ ಫೌಂಡೇಶನ್ ಅನ್ನುವ ಬಲಪಂಥೀಯ ಸಂಸ್ಥೆ ಶುರುವಾಗಲು ದುಡ್ಡು ಕೊಟ್ಟವರು. 1977ರಲ್ಲಿ ಅವರ ಬ್ರೂವರಿಯಲ್ಲಿ ಮುಷ್ಕರ ಆಯಿತು. ಕಾರ್ಮಿಕ ಸಂಘಗಳ ಒಕ್ಕೂಟ ಹತ್ತು ವರ್ಷ, 1987ರ ತನಕ, ಕೂರ್ಸ್ ಮುಟ್ಟಬೇಡಿ ಅಂತ ಬಹಿಷ್ಕಾರ ಹಾಕಿತ್ತು. ಆ ಹತ್ತು ವರ್ಷದಲ್ಲಿ ಕಾರ್ಮಿಕ ಸಂಘದ ಮನೆಯಲ್ಲಿ ಬೆಳೆದ ಹುಡುಗ ಕೂರ್ಸ್ ಕುಡಿಯದೇ ಇರುವುದನ್ನು ಅಪ್ಪನಿಂದ ಕಲಿತ. ಅದಕ್ಕೆ ರುಚಿ ಕಾರಣ ಅಲ್ಲ. ಹತ್ತಿರದ ಉದಾಹರಣೆ 2023ರದ್ದು. ಬಡ್ ಲೈಟ್ ಕಂಪನಿ ಡಿಲನ್ ಮಲ್ವೇನಿ ಅನ್ನುವ ಟ್ರಾನ್ಸ್‌ಜೆಂಡರ್ ಮಹಿಳೆಯಿಂದ ಪ್ರಚಾರ ಮಾಡಿಸಿತು. ಸಂಪ್ರದಾಯವಾದಿಗಳು ಸಿಟ್ಟಾಗಿ ಅದನ್ನು ಕೊಳ್ಳುವುದು ಬಿಟ್ಟರು. 2001ರಿಂದ ಮೊದಲ ಸ್ಥಾನದಲ್ಲಿದ್ದ ಬಡ್ ಲೈಟ್ ಕೆಲವೇ ವಾರಗಳಲ್ಲಿ ಕೆಳಗಿಳಿಯಿತು. ಆ ಜಾಗಕ್ಕೆ ಬಂದದ್ದು ಮೊಡೆಲೊ ಅನ್ನುವ ಮೆಕ್ಸಿಕೋದ ಬಿಯರ್. ಅಮೆರಿಕದಲ್ಲಿ ಅದನ್ನು ಮಾರುವುದು ಬೇರೆ ಕಂಪನಿ. ಅಮೆರಿಕದ ಹೊರಗೆ ಆ ಬ್ರ್ಯಾಂಡ್ ಬಡ್ ಲೈಟ್ ಮಾಲೀಕರದ್ದೇ. ಸಿಟ್ಟು ಮಾಡಿಕೊಂಡ ಎಷ್ಟು ಜನಕ್ಕೆ ಇದು ಗೊತ್ತಿತ್ತೋ!

ಇನ್ನರ್ಧ ಕಥೆ ನನಗೆ ಹೆಚ್ಚು ಇಷ್ಟ. ಅದು ಜೊತೆಗೆ ಕೂರುವವರ ಕಥೆ. 2015ರಲ್ಲಿ ಡೆಲಾಪೋಸ್ಟಾ, ಶಿ ಮತ್ತು ಮೇಸಿ ಅನ್ನುವ ಮೂವರು ಸಮಾಜಶಾಸ್ತ್ರಜ್ಞರು ಒಂದು ಸಂಶೋಧನಾ ಲೇಖನ ಬರೆದರು. ಉದಾರವಾದಿಗಳು ಲಾಟೆ ಕಾಫಿಯನ್ನೇ ಯಾಕೆ ಕುಡಿಯುತ್ತಾರೆ ಅನ್ನುವುದೇ ಅದರ ತಲೆಬರಹ. ಕಾಫಿ ಬೆಳೆಯುವ ಊರಿನವರು ನಾವು, ನಮಗೆ ಈ ಪ್ರಶ್ನೆ ತಮಾಷೆ ಅನಿಸಬಹುದು. ಉತ್ತರ ಮಾತ್ರ ಗಂಭೀರ. ಕಾಫಿಗೂ ಸಿದ್ಧಾಂತಕ್ಕೂ ಒಳಗೆ ಯಾವ ನಂಟೂ ಬೇಕಿಲ್ಲ ಅನ್ನುತ್ತಾರೆ ಅವರು. ಮೊದಲು ಎಲ್ಲೋ ಒಂದು ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೆ ಸಾಕು. ಜನ ತಮ್ಮಂಥವರ ಜೊತೆಗೇ ಕೂರುತ್ತಾರೆ. ಜೊತೆಗೆ ಕೂತವರನ್ನು ನೋಡಿ ಕಲಿಯುತ್ತಾರೆ. ಕೂದಲೆಳೆಯಷ್ಟಿದ್ದದ್ದು ಹಗ್ಗದಷ್ಟಾಗುತ್ತದೆ. ಹೊರಗಿನಿಂದ ನೋಡುವವನಿಗೆ ಕಾಫಿಯಿಂದಲೇ ಓಟು ಹುಟ್ಟಿದ ಹಾಗೆ ಕಾಣುತ್ತದೆ.

ಇದನ್ನು ನೀವು ದಿನಾ ನೋಡುತ್ತೀರಿ. ಆಲ್ದೂರಿನ ಹತ್ತಿರ ಒಂದು ಸಲ ಸಮೀಕ್ಷೆ ಮುಗಿಸಿ ಮಳೆಗೆ ಸಿಕ್ಕಿಹಾಕಿಕೊಂಡು ಒಂದು ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಟೇಬಲ್ಲಿಗೆ ನಾಲ್ಕು ಜನ ಬಂದರು. ಒಬ್ಬ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಒಬ್ಬ ಪಿಕಪ್ ಓಡಿಸುವವನು, ಇಬ್ಬರು ಅಣ್ಣತಮ್ಮಂದಿರು. ಬಟವಾಡೆ ದಿನ. ರೈಟರ್ ಜರ್ಕಿನ್ ಬಿಚ್ಚಿ ಕುರ್ಚಿಗೆ ಹಾಕಿ, "ಇವತ್ತು ನಂದು, ನಾಲ್ಕು ಸ್ಟ್ರಾಂಗ್ ಕೊಡಪ್ಪ" ಅಂದರು. ಪಿಕಪ್ಪಿನವನು "ನಂಗೆ ಲೈಟ್..." ಅಂತ ಬಾಯಿ ತೆರೆದ. "ಲೈಟ್ ಕೋಲ್ಡ್ ಇಲ್ಲ ಅಣ್ಣ" ಅಂದ ಸಪ್ಲೈಯರ್. ಅವನು ಸುಮ್ಮನಾದ. ಬಾಟಲಿ ಬಂದ ಮೇಲೆ ಅದರ ಒದ್ದೆ ಲೇಬಲ್ಲನ್ನು ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಕೆರೆಯುತ್ತಾ ಕೂತ. ಅರ್ಧ ಲೇಬಲ್ ಕಿತ್ತು ಬರುವ ಹೊತ್ತಿಗೆ ರಾಜಕೀಯ ಶುರುವಾಯಿತು. ಅಣ್ಣ ಒಂದು ಪಕ್ಷ, ತಮ್ಮ ಇನ್ನೊಂದು. ಇಬ್ಬರೂ ಜೋರಾಗಿಯೇ ಮಾತಾಡಿದರು. ರೈಟರ್ ಎರಡೂ ಕಡೆಗೆ ಹೂಂ ಅಂದರು. ಪಿಕಪ್ಪಿನವನು ಕೊನೆ ತನಕ ಒಂದು ಮಾತೂ ಆಡಲಿಲ್ಲ.

ಆ ಬಾರ್‌ನ ಬಿಲ್ಲಿನಲ್ಲಿ ನಾಲ್ಕು ಸ್ಟ್ರಾಂಗ್ ಅಂತ ಇರುತ್ತದೆ. ಅದರಲ್ಲಿ ರೈಟರ್ ಒಬ್ಬರ ಆಯ್ಕೆ ಮಾತ್ರ ಇದೆ. ಒಂದೇ ತಾಯಿಯ ಮಕ್ಕಳು, ಒಂದೇ ಬಿಯರ್, ಎರಡು ಪಕ್ಷ. ಒಬ್ಬನಿಗೆ ಬೇಕಾದದ್ದು ಫ್ರಿಜ್‌ನಲ್ಲಿ ತಣ್ಣಗಿರಲಿಲ್ಲ. ಈ ಬಿಲ್ಲಿನಿಂದ ಯಾರ ಓಟನ್ನು ಹೇಗೆ ತೆಗೆಯುತ್ತೀರಿ?

ಇನ್ನು ನಮ್ಮಲ್ಲಿ ಅಮೆರಿಕದಂಥ ವಾಲು ಯಾಕಿಲ್ಲ ಅನ್ನುವುದು. ಬಿಯರ್‌ಗೆ ಒಂದು ರಾಜಕೀಯ ಮುಖ ಬರಬೇಕಾದರೆ ಯಾರಾದರೂ ಅದನ್ನು ಬರೆಯಬೇಕು. ಅಲ್ಲಿ ಜಾಹೀರಾತು ಬರೆಯುತ್ತದೆ: ಬೆಟ್ಟ, ಕುದುರೆ, ಬಾವುಟ, ಹಳ್ಳಿಯ ಟ್ರಕ್. ನಮ್ಮಲ್ಲಿ ಕೇಬಲ್ ಟಿವಿ ನಿಯಮಗಳ ಪ್ರಕಾರ 2000ದಿಂದಲೇ ಟಿವಿಯಲ್ಲಿ ಮದ್ಯದ ಜಾಹೀರಾತು ಇಲ್ಲ. ಸೋಡಾ, ನೀರಿನ ಬಾಟಲಿ, ಕ್ಯಾಲೆಂಡರ್ ಹೆಸರಿನಲ್ಲಿ ಬ್ರ್ಯಾಂಡ್ ಕಣ್ಣಿಗೆ ಬೀಳುತ್ತದೆ, ಆದರೆ ಇದು ಇಂಥವರ ಬಿಯರ್ ಅಂತ ಹೇಳುವ ಕಥೆ ಇಲ್ಲ. ಅಲ್ಲಿ ನಾಯಕರೂ ಬಿಯರ್ ಹಿಡಿದು ಫೋಟೊಗೆ ನಿಲ್ಲುತ್ತಾರೆ. 2009ರ ಜುಲೈನಲ್ಲಿ ಒಬಾಮಾ ಶ್ವೇತಭವನದ ಅಂಗಳದಲ್ಲಿ ಒಬ್ಬ ಪ್ರೊಫೆಸರ್ ಮತ್ತು ಅವರನ್ನು ಬಂಧಿಸಿದ್ದ ಪೊಲೀಸ್ ಅಧಿಕಾರಿಯನ್ನು ಕೂರಿಸಿಕೊಂಡು ಬಿಯರ್ ಕುಡಿದರು. ಒಬಾಮಾ ಮುಂದೆ ಬಡ್ ಲೈಟ್, ಅಧಿಕಾರಿ ಮುಂದೆ ಬ್ಲೂ ಮೂನ್. ಯಾರು ಯಾವ ಬ್ರ್ಯಾಂಡ್ ಕುಡಿದರು ಅನ್ನುವುದೇ ದೇಶಕ್ಕೆಲ್ಲ ಸುದ್ದಿಯಾಯಿತು. ನಮ್ಮ ನಾಯಕರು ಕಾರ್ಯಕರ್ತನ ಮನೆಯಲ್ಲಿ ರೊಟ್ಟಿ ತಿನ್ನುತ್ತಾರೆ, ಬೀದಿಬದಿಯಲ್ಲಿ ಟೀ ಕುಡಿಯುತ್ತಾರೆ. ಬಿಯರ್ ಬಾಟಲಿ ಹಿಡಿದು ಕ್ಯಾಮೆರಾ ಮುಂದೆ ನಿಂತು ಓಟು ಕೇಳುವ ನಾಯಕ ಈ ಎರಡು ಜಿಲ್ಲೆಯಲ್ಲಂತೂ ಹುಟ್ಟಿಲ್ಲ. ಹಾಗಿರುವಾಗ ಮತದಾರನಿಗೆ ಬ್ರ್ಯಾಂಡಿನಿಂದ ಪಕ್ಷಕ್ಕೆ ಹೋಗುವ ದಾರಿಯೇ ಇಲ್ಲ.

ಅಮೆರಿಕದ ಒಂದು ಸಂಗತಿ ನೆನಪಾಯಿತು, ಹೇಳಿಬಿಡುತ್ತೇನೆ. 2004ರ ಚುನಾವಣೆಯಲ್ಲಿ ಅಲ್ಲಿನ ಸಮೀಕ್ಷೆಗಾರರು ಬುಷ್ ಮತ್ತು ಕೆರ್ರಿ ಇವರಲ್ಲಿ ಯಾರ ಜೊತೆ ಕೂತು ಬಿಯರ್ ಕುಡಿಯಲು ಇಷ್ಟ ಅಂತ ಮತದಾರರನ್ನು ಕೇಳಿದರು. ಹೆಚ್ಚು ಜನ ಬುಷ್ ಅಂದರು. ಬುಷ್ 1986ರಲ್ಲೇ ಕುಡಿತ ಬಿಟ್ಟಿದ್ದವರು. ಜನ ಬಿಯರ್ ಅಂದಾಗ ಬಿಯರ್ ಅನ್ನೇ ಹೇಳುತ್ತಿರಲಿಲ್ಲ, ನಮ್ಮಂಥವನು ಅನ್ನುವ ಮಾತನ್ನು ಹೇಳುತ್ತಿದ್ದರು.

ನಮ್ಮ ರಾಜ್ಯದಲ್ಲಿ ಬಿಯರ್ ಮತ್ತು ಪಕ್ಷ ನೇರವಾಗಿ ಒಂದೇ ಕೈಯಲ್ಲಿ ಬಂದದ್ದೂ ಉಂಟು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಕಂಡಿಲ್ಲ. ಕಿಂಗ್‌ಫಿಷರ್‌ನ ವಿಜಯ್ ಮಲ್ಯ 2002ರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಹೋದಾಗ ಕಾಂಗ್ರೆಸ್ ಮತ್ತು ಜೆಡಿಎಸ್ ಬೆಂಬಲ ಇತ್ತು. 2010ರಲ್ಲಿ ಮತ್ತೆ ಹೋದಾಗ ಜೆಡಿಎಸ್ ಮತ್ತು ಬಿಜೆಪಿ ಬೆಂಬಲ. ಅಂದರೆ ಮೂರೂ ಪಕ್ಷದ ಕೈ ಒಂದಲ್ಲ ಒಂದು ಸಲ ಅವರ ಪರ ಎದ್ದಿದೆ. ನಡುವೆ ಅವರು ಜನತಾ ಪಕ್ಷದ ಕಾರ್ಯಾಧ್ಯಕ್ಷರಾಗಿ 2004ರ ವಿಧಾನಸಭಾ ಚುನಾವಣೆಗೆ ಅಭ್ಯರ್ಥಿಗಳನ್ನು ನಿಲ್ಲಿಸಿದರು. ಆ ಹೊತ್ತಿಗೆ ರಾಜ್ಯದ ಯಾವ ಬಾರ್‌ಗೆ ಹೋದರೂ ಅವರ ಬಿಯರ್ ಇತ್ತು. ಪಕ್ಷಕ್ಕೆ ಒಂದು ಸೀಟೂ ಬರಲಿಲ್ಲ. ಬಾಟಲಿಗೂ ಓಟಿಗೂ ನಂಟಿದ್ದರೆ ಅವತ್ತು ಕಾಣಬೇಕಿತ್ತು, ಅಲ್ವಾ?

ನಮ್ಮ ಜಿಲ್ಲೆಯ ಓಟನ್ನೇ ನೋಡಿ. 2018ರಲ್ಲಿ ಐದು ವಿಧಾನಸಭಾ ಕ್ಷೇತ್ರದಲ್ಲಿ ನಾಲ್ಕು ಬಿಜೆಪಿಗೆ ಹೋದವು. ಶೃಂಗೇರಿ ಒಂದೇ ಕಾಂಗ್ರೆಸ್‌ಗೆ. 2023ರ ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಐದೂ ಕಾಂಗ್ರೆಸ್‌ಗೆ. ಚಿಕ್ಕಮಗಳೂರಿನಲ್ಲಿ ಗೆದ್ದ ಎಚ್.ಡಿ. ತಮ್ಮಯ್ಯ ಅವರೇ ಅದೇ ವರ್ಷ ಬಿಜೆಪಿ ಬಿಟ್ಟು ಕಾಂಗ್ರೆಸ್‌ಗೆ ಬಂದವರು. ನೀವು ಆಗ ಕೌಂಟರ್‌ನಲ್ಲಿದ್ದರೆ ನೆನಪು ಮಾಡಿಕೊಳ್ಳಿ. ಆ ಐದು ವರ್ಷದಲ್ಲಿ ನಿಮ್ಮ ಖಾಯಂ ಗಿರಾಕಿಗಳು ಬಿಯರ್ ಬದಲಾಯಿಸಿದರಾ? ಓಟು ತಿರುಗಿದಷ್ಟು ವೇಗದಲ್ಲಿ ನಾಲಿಗೆ ತಿರುಗುವುದಿಲ್ಲ. ಪಕ್ಕದ ಹಾಸನದಲ್ಲಂತೂ ಬಿಯರ್ ಅಲ್ಲೇ ತಯಾರಾಗುತ್ತದೆ. ಸೋಮ್ ಕಂಪನಿಯ ವುಡ್‌ಪೆಕರ್ ಬ್ರೂವರಿ ಅಲ್ಲಿದೆ. ಹಾಸನ ಜೆಡಿಎಸ್‌ನ ತವರು. ಆದರೂ ಹಾಸನದ ಬಿಯರ್ ತೆನೆಹೊತ್ತ ಮಹಿಳೆಯ ಬಿಯರ್ ಅಂತ ಯಾರೂ ಅಂದದ್ದು ನಾನು ಕೇಳಿಲ್ಲ.

ಹಾಗಾದರೆ ನಿಮಗೆ ಅನಿಸಿದ್ದು ಪೂರ್ತಿ ಸುಳ್ಳಾ? ಅಲ್ಲ. ನೀವು ಏನೋ ಒಂದನ್ನು ಕಂಡಿದ್ದೀರಿ, ಹೆಸರು ಮಾತ್ರ ತಪ್ಪು ಇಟ್ಟಿದ್ದೀರಿ. ಜೂನ್, ಜುಲೈನಲ್ಲಿ ನಿಮ್ಮ ಬೀದಿಯಲ್ಲಿ ಕೊಡೆ ಜಾಸ್ತಿ ಮಾರಾಟವಾಗುತ್ತದೆ. ಅದೇ ತಿಂಗಳು ನಿಮ್ಮಲ್ಲಿ ಬ್ರಾಂದಿ, ರಮ್ ಜಾಸ್ತಿ ಹೋಗುತ್ತದೆ. ಕೊಡೆ ಕೊಂಡವನಿಗೆ ಬ್ರಾಂದಿ ಆಸೆ ಹುಟ್ಟುತ್ತದೆ ಅಂತ ಯಾರೂ ಹೇಳುವುದಿಲ್ಲ. ಎರಡರ ಹಿಂದೆಯೂ ಮಳೆ ಇದೆ. ಹಾಗೆಯೇ ಬಿಯರ್ ಮತ್ತು ಓಟಿನ ಹಿಂದೆ ವಯಸ್ಸು, ದುಡ್ಡು, ಊರು, ಗೆಳೆಯರ ಗುಂಪು ಇವೆ. ಬಟವಾಡೆ ತೆಗೆದುಕೊಂಡು ಬಂದವನು ಕೊಟ್ಟ ದುಡ್ಡಿಗೆ ಏರಬೇಕು ಅಂತ ಸ್ಟ್ರಾಂಗ್ ಕೇಳುತ್ತಾನೆ. ಸ್ಟ್ರಾಂಗ್‌ನಲ್ಲಿ ಆಲ್ಕೋಹಾಲ್ ನೂರಕ್ಕೆ 5ಕ್ಕಿಂತ ಮೇಲೆ 8ರ ತನಕ, ಲೈಟ್‌ನಲ್ಲಿ 5ರ ಒಳಗೆ. ಬೆಲೆಯ ವ್ಯತ್ಯಾಸ ಅಷ್ಟಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇದೆ. ಕಾರಿನಲ್ಲಿ ಬಂದು ಎರಡು ಗಂಟೆ ಕೂತು ಮಾತಾಡುವವನಿಗೆ ಲೈಟ್ ಸಾಕು. ಇವರಿಬ್ಬರ ಓಟು ಬೇರೆಯಾದರೆ ಅದಕ್ಕೆ ಕಾರಣ ಅವರ ಬದುಕು ಬೇರೆ ಅನ್ನುವುದು.

ಕೌಂಟರ್‌ನಲ್ಲಿ ಕೂತವರು ಬೀಳುವ ಇನ್ನೂ ಕೆಲವು ಗುಂಡಿಗಳಿವೆ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬಂದು ನಿಮ್ಮಲ್ಲಿ ದುಬಾರಿ ಬಿಯರ್ ಕೇಳುವವರ ಓಟು ಬೆಂಗಳೂರಿನಲ್ಲಿದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿರುವ ಅಸ್ಸಾಮಿನ ಹುಡುಗರ ಓಟು ಅಸ್ಸಾಮಿನಲ್ಲಿದೆ. ಇಲ್ಲಿನ ಮತದಾರರ ಪಟ್ಟಿಯಲ್ಲಿ ಇಲ್ಲದವರನ್ನೂ ನೀವು ಪಕ್ಷಕ್ಕೆ ಸೇರಿಸುತ್ತಿದ್ದೀರಿ. ಎರಡನೆಯದು, ನಿಮಗೆ ಯಾರ ಪಕ್ಷ ಗೊತ್ತು? ಜೋರಾಗಿ ಮಾತಾಡುವವರದ್ದು. ಆ ಪಿಕಪ್ಪಿನವನಂತೆ ಲೇಬಲ್ ಕೆರೆಯುತ್ತಾ ಕೂತವನದ್ದು ಗೊತ್ತಿಲ್ಲ. ಸಮೀಕ್ಷೆಯಲ್ಲಿ ನಾವು ಓಟಿನ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೇಳುತ್ತಿರಲಿಲ್ಲ. ಚೀಟಿ ಕೊಟ್ಟು, ಗುರುತು ಹಾಕಿ ಮಡಚಿ ಡಬ್ಬಕ್ಕೆ ಹಾಕಿ ಅನ್ನುತ್ತಿದ್ದೆವು. ಮನೆಯಲ್ಲಿ ಹೆಂಡತಿ ಎದುರಿಗೇ ನಿಜ ಹೇಳದವನು ಬಾರ್‌ನಲ್ಲಿ ನಿಮಗೆ ಹೇಳುತ್ತಾನಾ? ಮೂರನೆಯದು ಎಲ್ಲಕ್ಕಿಂತ ದೊಡ್ಡದು. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದ್ಯ ಕುಡಿಯುತ್ತೇವೆ ಅಂದವರು ದೇಶದ 15 ದಾಟಿದ ಗಂಡಸರಲ್ಲಿ ನೂರಕ್ಕೆ ಸುಮಾರು 19, ಹೆಂಗಸರಲ್ಲಿ ಒಂದೋ ಎರಡೋ. ಕೆಲವರು ಮುಚ್ಚಿಟ್ಟಿರಬಹುದು. ಆದರೂ ಹೆಂಗಸರು ಹೆಚ್ಚುಕಡಿಮೆ ಪೂರ್ತಿ, ಗಂಡಸರಲ್ಲಿ ಬಹುಪಾಲು, ನಿಮ್ಮ ಕೌಂಟರ್‌ನಿಂದ ಕಾಣುವುದೇ ಇಲ್ಲ. ಕಾಫಿ ಹಣ್ಣು ಕೊಯ್ಯುವ ಹೆಂಗಸಿನ ಓಟು ರೈಟರ್ ಓಟಿನಷ್ಟೇ ತೂಗುತ್ತದೆ. ಕುಡಿಯುವವರಲ್ಲೂ ನಮ್ಮ ಮಲೆನಾಡಿನಲ್ಲಿ ಬಿಯರ್ ಬಿಟ್ಟು ಬ್ರಾಂದಿ, ವಿಸ್ಕಿಯ ಕ್ವಾರ್ಟರ್, ನೈಂಟಿ ಕೇಳುವವರೇ ಜಾಸ್ತಿ.

ಮದ್ಯಕ್ಕೂ ರಾಜಕೀಯಕ್ಕೂ ನಮ್ಮಲ್ಲಿ ನಂಟೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಂಟು ಬಹಳ ಗಟ್ಟಿಯಾಗಿದೆ, ಆದರೆ ಅದು ಎದುರು ದಿಕ್ಕಿನಿಂದ ಬರುತ್ತದೆ. ಕುಡಿಯುವವನ ಲೋಟದಲ್ಲಿ ಏನಿರಬೇಕು ಅನ್ನುವುದನ್ನು ಸರ್ಕಾರ ತೀರ್ಮಾನ ಮಾಡುತ್ತದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯಿತು. ಅಲ್ಲಿಯ ತನಕ ಸಾರಾಯಿ ಪ್ಯಾಕೆಟ್ ಹಿಡಿಯುತ್ತಿದ್ದ ಕೈಗಳು ಅಗ್ಗದ ವಿಸ್ಕಿಗೆ ಬಂದವು. ಅವರ ರುಚಿ ಒಂದೇ ರಾತ್ರಿಯಲ್ಲಿ ಬದಲಾಯಿತು ಅಂತಲ್ಲ, ಅವರಿಗೆ ಉಳಿದದ್ದೇ ಅದು. 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರದ್ದೇ ಆದ ಪಾನೀಯ ನಿಗಮದ ಕೈಯಲ್ಲಿದೆ. ನಿಮ್ಮ ಬಾರ್‌ಗೆ ಬರುವ ಪ್ರತಿ ಕೇಸೂ ಆ ನಿಗಮದ ಡಿಪೋದಿಂದಲೇ ಬರಬೇಕು. 2023ರ ಜುಲೈ ಬಜೆಟ್‌ನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ನೂರಕ್ಕೆ 175ರಿಂದ 185 ಆಯಿತು. ಆ ವಾರ ನಿಮ್ಮ ಟೇಬಲ್ಲುಗಳಲ್ಲಿ ಸರ್ಕಾರದ ಬಗ್ಗೆ ಏನೇನು ಮಾತು ಬಂತು ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದು ನಿಜವಾದ ರಾಜಕೀಯ. ಲೈಟ್ ಕುಡಿಯುವವನೂ ಸ್ಟ್ರಾಂಗ್ ಕುಡಿಯುವವನೂ ಅವತ್ತು ಒಂದೇ ಮಾತಾಡಿರುತ್ತಾರೆ.

ಚುನಾವಣೆ ಹೊತ್ತಿನ ಹಂಚಿಕೆಯೂ ಹಾಗೆಯೇ. ನನಗೆ ಇದನ್ನು ಬರೆಯುವಾಗ ಸಂಕಟ ಆಗುತ್ತದೆ. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಮಾರಾಟ ಬಂದ್ ಅಂತ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿದೆ. ಆದರೂ ಅದಕ್ಕೆ ಮುಂಚೆಯೇ ಚೀಟಿ ಕೊಟ್ಟು ಕುಡಿಸುವವರಿದ್ದಾರೆ. ಅಲ್ಲಿ ಬ್ರ್ಯಾಂಡ್ ಆರಿಸುವವನು ದುಡ್ಡು ಕೊಡುವವನು. ತೆಗೆದುಕೊಳ್ಳುವವನ ಇಷ್ಟ ಯಾರೂ ಕೇಳುವುದಿಲ್ಲ. ಆ ಬಾಟಲಿಯಿಂದ ಗೊತ್ತಾಗುವುದು ಕೊಟ್ಟವನು ಒಂದು ಓಟಿಗೆ ಎಷ್ಟು ಬೆಲೆ ಕಟ್ಟಿದ್ದಾನೆ ಅನ್ನುವುದು ಮಾತ್ರ.

ಅದಕ್ಕೇ ಆ ಪಕ್ಷದ ಹುಡುಗನಿಗೆ ಪಟ್ಟಿ ಕೊಡಬೇಡಿ. ಲೆಕ್ಕ ತಪ್ಪು ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ನಿಮ್ಮಲ್ಲಿಗೆ ಬರುವವರು ಮನೆಯಲ್ಲಿ ಹೇಳದೆ ಬಂದಿರುತ್ತಾರೆ, ಸಾಲ ಇಟ್ಟುಕೊಂಡು ಬಂದಿರುತ್ತಾರೆ, ನಿಮ್ಮನ್ನು ನಂಬಿ ಕೂತಿರುತ್ತಾರೆ. ಯಾರು ಎಷ್ಟು ಕುಡಿಯುತ್ತಾರೆ ಅಂತ ಹೆಸರು ಸಮೇತ ಇರುವ ಪಟ್ಟಿ ಹೊರಗೆ ಹೋದರೆ ಅದನ್ನು ಓಟಿಗೆ ಬಳಸುತ್ತಾರೋ, ಹೆದರಿಸಲು ಬಳಸುತ್ತಾರೋ, ನಿಮಗೆ ಗೊತ್ತಾಗುವುದಿಲ್ಲ. ಅವನಿಗೆ ಮಾಲೀಕರನ್ನು ಕೇಳಿ ಅಂತ ಹೇಳಿ ಕಳಿಸಿ. ಇಂಥವನು ಬಂದು ಕೇಳಿದ್ದ ಅಂತ ಮಾಲೀಕರಿಗೆ ನೀವೇ ಮುಂಚೆ ತಿಳಿಸಿಬಿಡಿ.

ಗೆಳೆಯರ ಜೊತೆಗಿನ ವಾದ ಮುಗಿಸಬೇಕು ಅಂತಿದ್ದರೆ ಒಂದು ದಾರಿ ಇದೆ. ಹೆಸರು ಬರೆಯದೆ ಒಂದು ತಿಂಗಳು ಒಂದು ನೋಟ್‌ಬುಕ್ ಇಡಿ. ಪ್ರತಿ ಟೇಬಲ್ಲಿಗೆ ಒಂದು ಸಾಲು. ಯಾವ ದಿನ, ಎಷ್ಟು ಜನ, ಆರ್ಡರ್ ಹೇಳಿದವರು ಎಷ್ಟು ಜನ, ಬಿಲ್ ಕೊಟ್ಟವರು ಯಾರು, ಮಳೆ ಇತ್ತಾ. ಕೊನೆಯಲ್ಲಿ ಇನ್ನೊಂದು ಕಾಲಂ ಹಾಕಿ: ಆ ಹೊತ್ತಿಗೆ ಫ್ರಿಜ್‌ನಲ್ಲಿ ಯಾವ್ಯಾವುದು ತಣ್ಣಗಿತ್ತು. ತಿಂಗಳಾದ ಮೇಲೆ ಸ್ಟ್ರಾಂಗ್ ಹೋದ ಸಾಲುಗಳನ್ನು ತೆಗೆದು, ಮೊದಲು ಆ ಕೊನೆಯ ಕಾಲಂ ನೋಡಿ. ನೋಟ್‌ಬುಕ್ ತುಂಬಿದ ಮೇಲೆ ನನಗೂ ಒಮ್ಮೆ ತೋರಿಸಿ, ಕೂತು ಲೆಕ್ಕ ಹಾಕೋಣ.